ಬೆಲ್ಲ ಕಡಿಮೆ, ಕುಟ್ಟುವುದು ಜಾಸ್ತಿ

“ಓವನ್ ಇಲ್ಲದೆ ಸಿಹಿ ಮಾಡೋದು ಅಂದ್ರೆ ಅದರಲ್ಲಿ ಹೊಸದೇನೈತವ್ವ? ನಮ್ಮ ಅಡುಗೆಮನೇಲಿ ಓವನ್ ಇದ್ದಿದ್ದಾದರೂ ಯಾವಾಗ?”

ಜಗಳೂರಿನ ಅತ್ತೆ ಎತ್ತಿದ್ದು ಸರಿಯಾದ ಪ್ರಶ್ನೆ. ಹೊನ್ನಾಳಿಯಲ್ಲಿರುವ ಅಣ್ಣನ ಮಗಳು ತನ್ನ ಪಟ್ಟಿಯನ್ನು ಓದಿ ಹೇಳಿದ್ದಳು: ಬಾದಾಮಿ ಹಿಟ್ಟು, ಕ್ರೀಮ್ ಚೀಸ್, ಕೋಕೋ ಪುಡಿ, ಸ್ಟೀವಿಯಾ. ಎಲ್ಲವನ್ನೂ ಕಲಸಿ ಉಂಡೆ ಕಟ್ಟಿ ಫ್ರಿಜ್ಜಿನಲ್ಲಿಟ್ಟರೆ ಕಾರ್ಬೋಹೈಡ್ರೇಟ್ ಕಡಿಮೆ ಇರುವ ತಿನಿಸು ಸಿದ್ಧ. ಇದರಲ್ಲಿ ಅರ್ಧ ಸಾಮಾನು ಊರಿನ ಕಿರಾಣಿ ಅಂಗಡಿಯಲ್ಲಿ ಸಿಗುವುದಿಲ್ಲ, ಸಿಕ್ಕರೂ ವಾರಕ್ಕೊಮ್ಮೆ ತರುವ ಬೆಲೆಯದ್ದಲ್ಲ. ಶ್ರಾವಣ ಹತ್ತಿರ ಬಂದಿತ್ತು. ನ್ಯಾಮತಿಯಲ್ಲಿರುವ ಚಿಕ್ಕಪ್ಪನಿಗೆ ಶುಗರ್ ಎಂದು ಗೊತ್ತಾದ ಮೇಲಿನ ಮೊದಲ ಪಂಚಮಿ ಅದು.

“ಚಿಗಳಿಗೆ ಒಲೆ ಬೇಕಾಗೋದು ಎಳ್ಳು ಹುರಿಯೋಕೆ ಮಾತ್ರ. ಶೇಂಗಾ ಉಂಡೆಗೂ ಅಷ್ಟೆ. ಸಂಕ್ರಾಂತಿ ಎಳ್ಳು-ಬೆಲ್ಲಕ್ಕಂತೂ ಪಾಕದ ಗೊಡವೇನೇ ಇಲ್ಲ. ಓವನ್ ಬೇಡದ ಸಿಹಿ ನಮಗೆ ಯಾರೂ ಕಲಿಸಬೇಕಾಗಿಲ್ಲ,” ಎಂದರು ಅತ್ತೆ.

“ಅದನ್ನು ಒಪ್ಪಿದೆ. ಆದರೆ ಅದರಲ್ಲಿ ಬೆಲ್ಲ ಎಷ್ಟು ಹಾಕ್ತೀರಿ ಅತ್ತೆ?”

“ತೂಕದಲ್ಲಿ ಎರಡು ಪಾಲು ಶೇಂಗಾಕ್ಕೆ ಒಂದು ಪಾಲು. ಮಕ್ಕಳಿದ್ದರೆ ಇನ್ನೂ ಸ್ವಲ್ಪ ಮುಂದೆ. ಬೆಲ್ಲ ಅಲ್ವಾ, ಸಕ್ಕರೆ ಏನಲ್ಲವಲ್ಲ.”

ಮಾತು ಬಿಗಿಯಾದದ್ದು ಇಲ್ಲಿಂದ. ಬೆಲ್ಲ ಒಳ್ಳೆಯದು, ಸಕ್ಕರೆ ಕೆಟ್ಟದ್ದು ಎಂಬ ನಂಬಿಕೆ ಈ ಸೀಮೆಯಲ್ಲಿ ಎಷ್ಟು ಗಟ್ಟಿಯೆಂದರೆ, ಶುಗರ್ ಇರುವವರ ಮನೆಯಲ್ಲೂ ಬೆಲ್ಲದ ಕಾಫಿಗೆ ತಡೆಯಿಲ್ಲ. ಹುಡುಗಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಲೆಕ್ಕ ಮುಂದಿಟ್ಟಳು: 100 ಗ್ರಾಂ ಬೆಲ್ಲದಲ್ಲಿ ಸುಮಾರು 85 ಗ್ರಾಂ ಕಾರ್ಬೋಹೈಡ್ರೇಟ್. ಉಳಿದದ್ದು ಬಹುಪಾಲು ನೀರು, ಜೊತೆಗೆ ಚೂರುಪಾರು ಖನಿಜ. ಬೆಲ್ಲದಲ್ಲಿ ಕಬ್ಬಿಣಾಂಶ ಇರುವುದು ನಿಜ, ಆದರೆ ಒಂದು ಉಂಡೆಯ ಬೆಲ್ಲದಿಂದ ಸಿಗುವಷ್ಟು ಕಬ್ಬಿಣಾಂಶಕ್ಕಾಗಿ ಅಷ್ಟು ಸಕ್ಕರೆ ನುಂಗುವುದು ರೋಗಿಗೆ ನಷ್ಟದ ವ್ಯವಹಾರ. ರಕ್ತಕ್ಕೆ ಸೇರಿದ ಮೇಲೆ ಬೆಲ್ಲಕ್ಕೂ ಸಕ್ಕರೆಗೂ ಹೇಳಿಕೊಳ್ಳುವಂಥ ಅಂತರ ಉಳಿಯುವುದಿಲ್ಲ.

“ಜೇನುತುಪ್ಪನೂ ಹಂಗೇನಾ?”

“ಹಾಗೇ. ಅದರಲ್ಲೂ 80ರ ಮೇಲೆ.”

“ಖರ್ಜೂರ? ಅದು ಹಣ್ಣಲ್ವೇನೇ.”

“ಒಣ ಖರ್ಜೂರದಲ್ಲಿ ಮುಕ್ಕಾಲು ಭಾಗ ಸಕ್ಕರೆ ಅಂತಲೇ ಲೆಕ್ಕ ಹಿಡಿಯಿರಿ. ಸಕ್ಕರೆ ಹಾಕದ ಲಡ್ಡು ಅಂತ ಡಬ್ಬಿ ಮೇಲೆ ಬರೆದು ಖರ್ಜೂರ ಅರೆದು ಮಾರ್ತಾರಲ್ಲ, ಬರೆದದ್ದೇನೋ ಸುಳ್ಳಲ್ಲ. ಶುಗರ್ ಇರೋರಿಗೆ ಉಪಯೋಗವೂ ಇಲ್ಲ.”

ಅತ್ತೆ ಇನ್ನೊಂದು ದಾರಿ ತೆಗೆದರು. ಸಿರಿಧಾನ್ಯ. ನವಣೆ ಲಡ್ಡು, ಸಾಮೆ ಲಡ್ಡು, ರಾಗಿ ಉಂಡೆ. ಇವನ್ನೆಲ್ಲ ಮೇಳಗಳಲ್ಲಿ ಶುಗರ್ ಇರುವವರಿಗೆಂದೇ ಕೊಡುತ್ತಾರಲ್ಲ? ಇದಕ್ಕೆ ಉತ್ತರ ಕೊಡುವಾಗ ಎಚ್ಚರ ಬೇಕು. ಸಿರಿಧಾನ್ಯದ ಹೊಗಳಿಕೆಯಲ್ಲಿ ನಿಜದ ಪಾಲು ದೊಡ್ಡದು: ನಾರು ಹೆಚ್ಚು, ಪಾಲಿಶ್ ಅಕ್ಕಿಗಿಂತ ನಿಧಾನವಾಗಿ ಕರಗುತ್ತದೆ, ಮಳೆ ಕಡಿಮೆಯಾದರೂ ಬೆಳೆಯುತ್ತದೆ. ಆದರೆ ನವಣೆಯಲ್ಲಿ 100 ಗ್ರಾಮಿಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ರಾಗಿಯಲ್ಲಿ 70ರ ಆಸುಪಾಸು. ಅದನ್ನು ಬೆಲ್ಲದಲ್ಲಿ ಕಲಸಿದರೆ ಎರಡೂ ಕಡೆಯಿಂದ ಸೇರಿತು. ಅನ್ನಕ್ಕೆ ಬದಲಾಗಿ ತಟ್ಟೆಗೆ ಬರಬೇಕಾದ ಧಾನ್ಯ ಊಟದ ನಡುವಿನ ಸಿಹಿಯಾಗಿ ಬಂದರೆ ಲಾಭ ಹೋಯಿತು. ತಂಬಿಟ್ಟಿನ ಕಥೆಯೂ ಅದೇ. ಪುಟಾಣಿಯಲ್ಲಿ ಪ್ರೋಟೀನು ಚೆನ್ನಾಗಿದೆ, ಆದರೂ ಅರ್ಧದಷ್ಟು ಕಾರ್ಬ್.

ಮಂಡಕ್ಕಿಯ ಮಾತು ಬಂದಾಗ ಇಬ್ಬರೂ ಸ್ವಲ್ಪ ಹೊತ್ತು ನಿಂತರು. ದಾವಣಗೆರೆ ಸೀಮೆಯಲ್ಲಿ ಹುಟ್ಟಿದವರಿಗೆ ಮಂಡಕ್ಕಿಯನ್ನು ಬೈಯಲು ಮನಸ್ಸು ಬರುವುದಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳು ಹೆಸರುವಾಸಿ, ನರ್ಗಿಸ್ ಮಂಡಕ್ಕಿಯ ರುಚಿಗೆ ಎಣೆಯಿಲ್ಲ. ಹಾಗಿದ್ದರೂ ಅದು ಅರಳಿದ ಅಕ್ಕಿ. ಅಕ್ಕಿಯೊಳಗೆ ಇದ್ದದ್ದೇ ಅದರಲ್ಲಿ ಇರುವುದು. ಕೈಗೆ ಹಗುರ ಅನ್ನಿಸುವುದರಿಂದ ಎಷ್ಟು ತಿಂದೆವೆಂಬ ಅಂದಾಜು ಸಿಗುವುದಿಲ್ಲ. ಚನ್ನಗಿರಿ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಹೆಂಗಸರು ಮೆಟಗತ್ತಿಯ ಮುಂದೆ ರಾತ್ರಿಯವರೆಗೆ ಕೂರುತ್ತಾರೆ. ಆಗಾಗ ಬರುವುದು ಸಕ್ಕರೆ ಚಹಾ, ಬನ್ನು, ಮಂಡಕ್ಕಿ. ಕೂತು ಮಾಡುವ ಕೆಲಸಕ್ಕೆ ಮೂರೂ ಬೇಗ ಕರಗುವ ಆಹಾರ. ಹುಡುಗಿಗೆ ಚನ್ನಗಿರಿಯ ತನ್ನ ಅಕ್ಕನ ಮನೆಯ ಅಂಗಳ ಗೊತ್ತು. ಕಡಿಮೆ ಕಾರ್ಬಿನ ಉಂಡೆ ಚಿಕ್ಕಪ್ಪನಂಥ ರೋಗಿಗಿಂತ ಹೆಚ್ಚಾಗಿ ಆ ಅಂಗಳದಲ್ಲಿ ಕೂತವರಿಗೆ ಬೇಕು ಎಂಬುದು ಅವಳ ವಾದ.

ವಾದಕ್ಕೆ ಆಧಾರ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದಾದ್ಯಂತ ನಡೆದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯಲ್ಲಿ ಬಂತು: ಮಧುಮೇಹ ಇರುವವರು ಸುಮಾರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಅದೇ ಸಮೀಕ್ಷೆಯ ಇನ್ನೊಂದು ಭಾಗದ ಪ್ರಕಾರ ಭಾರತೀಯರಿಗೆ ಆಹಾರದಿಂದ ಸಿಗುವ ಶಕ್ತಿಯಲ್ಲಿ ಶೇಕಡಾ 62ರಷ್ಟು ಬರುವುದು ಕಾರ್ಬೋಹೈಡ್ರೇಟಿನಿಂದಲೇ. ಹೊಸ್ತಿಲಲ್ಲಿರುವವರ ಸಂಖ್ಯೆ ಒಳಗಿರುವವರಿಗಿಂತ ಹೆಚ್ಚು ಎಂಬುದನ್ನು ಗಮನಿಸಬೇಕು. ಅವರಲ್ಲಿ ಎಷ್ಟೋ ಮಂದಿಗೆ ತಾವು ಅಲ್ಲಿ ನಿಂತಿರುವುದೇ ತಿಳಿದಿರುವುದಿಲ್ಲ.

“ಹಂಗಾದ್ರೆ ಏನು ಉಳೀತು? ಅಕ್ಕಿ ಬೇಡ, ರಾಗಿ ಬೇಡ, ಬೆಲ್ಲ ಬೇಡ, ಪುಟಾಣಿ ಬೇಡ.”

“ನಿಮ್ಮ ಜಗಳೂರಿನ ಹೊಲ ಉಳೀತು ಅತ್ತೆ.”

ಹೊಗಳಿಕೆಗೆಂದು ಹೇಳಿದ ಮಾತಲ್ಲ ಇದು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮುನ್ನ ಜಗಳೂರು ಚಿತ್ರದುರ್ಗಕ್ಕೂ, ಹೊನ್ನಾಳಿ-ಚನ್ನಗಿರಿ ಶಿವಮೊಗ್ಗಕ್ಕೂ ಸೇರಿದ್ದವು. ನ್ಯಾಮತಿ ಹೊನ್ನಾಳಿಯ ಒಳಗೇ ಇತ್ತು, ಬೇರೆ ತಾಲ್ಲೂಕಾದದ್ದು ಈಚೆಗೆ. ನಕ್ಷೆಯಲ್ಲಿ ಆ ಗೆರೆ ಅಳಿಸಿದರೂ ಅಡುಗೆಮನೆಗಳಲ್ಲಿ ಉಳಿದಿದೆ. ಲಕ್ಕವಳ್ಳಿಯ ಭದ್ರಾ ಜಲಾಶಯದ ಕಾಲುವೆ ಮುಟ್ಟಿದ ಚನ್ನಗಿರಿ, ಹೊನ್ನಾಳಿಗಳಲ್ಲಿ ಭತ್ತ ಬಂತು, ತೋಟ ಬಂತು. ಕಾಲುವೆ ಮುಟ್ಟದ ಜಗಳೂರಿನ ಕೆಂಪು ನೆಲದಲ್ಲಿ ಶೇಂಗಾ ಉಳಿಯಿತು. ಮುಖ್ಯ ಬೆಳೆಯ ನಡುವೆ ಅಕ್ಕಡಿ ಸಾಲಾಗಿ ಎಳ್ಳು, ಹುಚ್ಚೆಳ್ಳು. ಪಕ್ಕದ ಚಳ್ಳಕೆರೆ ಎಣ್ಣೆ ಗಾಣ-ಗಿರಣಿಗಳ ಊರೆಂದು ಹೆಸರು ಮಾಡಿದ್ದು ಈ ಒಣ ಸೀಮೆಯ ಎಣ್ಣೆಕಾಳಿನಿಂದ. ಬಾದಾಮಿ ಹಿಟ್ಟಿಗೆ ಬದಲಿ ಹುಡುಕುವವರು ಆ ಕಡೆಗೆ ಒಂದು ಬಸ್ಸು ಹತ್ತಿದರೆ ಸಾಕು.

ಹೋಲಿಸಿ ನೋಡಬಹುದು. 100 ಗ್ರಾಂ ಬಾದಾಮಿಯಲ್ಲಿ 22 ಗ್ರಾಂ ಕಾರ್ಬೋಹೈಡ್ರೇಟ್, ಅದರಲ್ಲಿ ಸುಮಾರು 12 ಗ್ರಾಂ ನಾರು. ನಾರು ಸಕ್ಕರೆಯಾಗಿ ರಕ್ತಕ್ಕೆ ಸೇರುವುದಿಲ್ಲ, ಆದ್ದರಿಂದ ಅದನ್ನು ಕಳೆಯಬಹುದು, ಉಳಿಯುವುದು ಹತ್ತು. ಶೇಂಗಾದಲ್ಲಿ 16, ನಾರು ಎಂಟೂವರೆ, ಉಳಿಯುವುದು ಏಳೂವರೆ. ಎಳ್ಳಿನಲ್ಲಿ 23, ನಾರು 12. ಅಗಸೆಯಲ್ಲಿ 29 ಇದ್ದರೂ 27 ನಾರೇ. ಒಣಕೊಬ್ಬರಿಯಲ್ಲಿ 24, ನಾರು 16. ಪರದೇಶದಿಂದ ಬಂದ ಪಟ್ಟಿಯ ಮೊದಲ ಸಾಮಾನಿಗಿಂತ ಜಗಳೂರಿನ ಶೇಂಗಾ ಈ ಲೆಕ್ಕದಲ್ಲಿ ಒಂದು ಹೆಜ್ಜೆ ಮುಂದೆ.

“ಬೆಲ್ಲ ಕಮ್ಮಿ ಮಾಡಿದ್ರೆ ಉಂಡೆ ಕಟ್ಟೋದು ಹೆಂಗೆ? ಬೆಲ್ಲ ರುಚಿಗೆ ಮಾತ್ರ ಅಲ್ಲ ಕಣವ್ವ, ಹಿಡೀಬೇಕಲ್ಲ.”

ಇದು ಅಡುಗೆ ಮಾಡುವವರ ಪ್ರಶ್ನೆ, ಮತ್ತು ಇಡೀ ವಿಷಯ ನಿಂತಿರುವುದು ಇದರ ಮೇಲೆ. ಉತ್ತರವನ್ನು ಕೊನೆಗೆ ಕೊಟ್ಟವರೂ ಅತ್ತೆಯೇ, ತಮ್ಮ ತಾಯಿ ಒರಳಿನಲ್ಲಿ ಚಿಗಳಿ ಕುಟ್ಟುತ್ತಿದ್ದ ರೀತಿಯನ್ನು ವಿವರಿಸುತ್ತ. ಮೊದಲು ಹುರಿದ ಎಳ್ಳೊಂದನ್ನೇ ಕುಟ್ಟುವುದು. ಪುಡಿ ಕೈಗೆ ಅಂಟತೊಡಗಿದ ಮೇಲೆ ಬೆಲ್ಲ. ಆಗ ಬೆಲ್ಲ ಸ್ವಲ್ಪ ಸಾಕಾಗುತ್ತಿತ್ತು. ಎಳ್ಳಿನ ತೂಕದಲ್ಲಿ ಅರ್ಧದಷ್ಟು ಎಣ್ಣೆ. ಕುಟ್ಟಿದಷ್ಟೂ ಕಾಳು ಒಡೆದು ಎಣ್ಣೆ ಹೊರಬರುತ್ತದೆ, ಒದ್ದೆಯಾದ ಪುಡಿ ತಾನಾಗಿ ಕೂಡಿಕೊಳ್ಳುತ್ತದೆ. ಒರಳು ಮೂಲೆ ಸೇರಿ ಮಿಕ್ಸಿ ಬಂದಾಗ ಎಲ್ಲರೂ ಎರಡು ಸುತ್ತು ತಿರುಗಿಸಿ ತರಿತರಿ ಪುಡಿ ಮಾಡತೊಡಗಿದರು. ಎಣ್ಣೆ ಬಿಡಲಿಲ್ಲ, ಉಂಡೆ ಒಡೆಯಿತು, ಒಡೆಯುವುದನ್ನು ತಡೆಯಲು ಬೆಲ್ಲ ಏರಿತು. ಕುಟ್ಟುವ ಕೆಲಸ ಕಡಿಮೆಯಾದದ್ದೂ ಬೆಲ್ಲ ಜಾಸ್ತಿಯಾದದ್ದೂ ಒಟ್ಟಿಗೇ ನಡೆದಿವೆ ಎಂದು ಅತ್ತೆಯ ಅನುಭವ ಹೇಳುತ್ತದೆ, ಎಣ್ಣೆಯ ಲೆಕ್ಕವೂ ಅದನ್ನೇ ಹೇಳುತ್ತದೆ.

ಹಾಗೆಂದು ಎಲ್ಲರೂ ಒನಕೆ ಹಿಡಿಯಬೇಕಾಗಿಲ್ಲ. ಇಬ್ಬರೂ ಸೇರಿ ಮಿಕ್ಸಿಗೇ ಒಗ್ಗಿಸಿಕೊಂಡ ಕ್ರಮ ಹೀಗಿದೆ. ಶೇಂಗಾ 150 ಗ್ರಾಂ, ಎಳ್ಳು 100, ಅಗಸೆ 50, ಒಣಕೊಬ್ಬರಿ 50. ಒಂದೊಂದನ್ನೂ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು, ಯಾಕೆಂದರೆ ಶೇಂಗಾ ಹದಕ್ಕೆ ಬರುವಷ್ಟರಲ್ಲಿ ಎಳ್ಳು ಸೀದು ಕಹಿಯಾಗುತ್ತದೆ. ಶೇಂಗಾವನ್ನು ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಬೇಕು. ಅಗಸೆಯನ್ನು ನುಣ್ಣಗೆ ಪುಡಿ ಮಾಡಲೇಬೇಕು. ಇಡೀ ಕಾಳು ಜೀರ್ಣವಾಗದೆ ಹಾಗೇ ಹೊರಹೋಗುತ್ತದೆ. ಕೊಬ್ಬರಿ ತುರಿದು ಬೆಚ್ಚಗೆ ಮಾಡಿದರೆ ಸಾಕು. ಎಳ್ಳಿನಲ್ಲಿ ಅರ್ಧ ಪುಡಿ, ಅರ್ಧ ಹಾಗೇ. ಇನ್ನು ಮುಖ್ಯವಾದದ್ದು: ಶೇಂಗಾದ ಮೂರನೇ ಒಂದು ಪಾಲನ್ನು ಮಾತ್ರ, ನಿಲ್ಲಿಸಿ ನಿಲ್ಲಿಸಿ, ಎಣ್ಣೆ ಬಿಟ್ಟು ಮುದ್ದೆಯಾಗುವವರೆಗೆ ತಿರುಗಿಸಬೇಕು. ಉಳಿದ ಎರಡು ಪಾಲು ತರಿಯಾಗಿರಲಿ. ಆ ಮುದ್ದೆಯೇ ಅಂಟು. ಬಿಸಿ ಆರುವ ಮೊದಲು ಎಲ್ಲವನ್ನೂ ಕಲಸಿ, ಚಿಟಿಕೆ ಉಪ್ಪು, ಏಲಕ್ಕಿ, ಒಣಶುಂಠಿ ಹಾಕಿ ಒತ್ತಿ ಕಟ್ಟಬೇಕು.

ಕಲಸುವಾಗ ಹಾಕುವ ಬೆಲ್ಲ 50 ಗ್ರಾಂ. ಎಲ್ಲ ಸೇರಿ 400 ಗ್ರಾಂ, ನೆಲ್ಲಿಕಾಯಿ ಗಾತ್ರದ 20 ಉಂಡೆ. ನಾರು ಕಳೆದು ಒಂದು ಉಂಡೆಯಲ್ಲಿ ಮೂರೂವರೆ ಗ್ರಾಂ ಕಾರ್ಬೋಹೈಡ್ರೇಟ್. ಅತ್ತೆಯ ಹಳೆಯ ಅಳತೆಯಲ್ಲಿ ಕಟ್ಟಿದ, ನಿಂಬೆಹಣ್ಣಿನ ಗಾತ್ರದ 40 ಗ್ರಾಮಿನ ಶೇಂಗಾ ಉಂಡೆಯಲ್ಲಿ 13 ಗ್ರಾಂ. ಹೊಸ ಉಂಡೆಯಲ್ಲಿ ಬೆಲ್ಲವನ್ನೇ ಬಿಟ್ಟರೆ ಸುಮಾರು ಒಂದೂವರೆ.

“ಬೆಲ್ಲ ಪೂರಾ ಬಿಟ್ಟರೆ ಅದನ್ನ ಸಿಹಿ ಅಂತ ಕರೀಬೇಡ, ಚಟ್ನಿಪುಡಿ ಉಂಡೆ ಅನ್ನು,” ಎಂದು ಅತ್ತೆ ಖಂಡಿತವಾಗಿ ಹೇಳಿದರು. ಈ ವಿಷಯದಲ್ಲಿ ಅವರ ಮಾತಿಗೆ ಹೆಚ್ಚಿನ ತೂಕ ಕೊಡಬೇಕು. ತಿನ್ನಲು ಮನಸ್ಸಾಗದ ಪಥ್ಯ ಎರಡು ವಾರ ನಡೆಯುವುದಿಲ್ಲ. ಸ್ವಲ್ಪ ಬೆಲ್ಲ, ಚೆನ್ನಾಗಿ ಹುರಿದ ಕಾಳು, ಸಿಹಿಯನ್ನು ಎತ್ತಿ ಕೊಡುವ ಚಿಟಿಕೆ ಉಪ್ಪು ಇದ್ದರೆ ನಾಲಗೆಗೆ ಕೊರತೆ ಕಾಣುವುದಿಲ್ಲ.

ಸ್ಟೀವಿಯಾದ ಮಾತೂ ಬಂತು. ದಕ್ಷಿಣ ಅಮೆರಿಕದ ಪರಾಗ್ವೆ ಕಡೆಯ ಗಿಡ. ಅದರ ಎಲೆಯಿಂದ ತೆಗೆದ ಸತ್ವ ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿ. ಸೂಜಿಮೊನೆಯಷ್ಟು ಹೆಚ್ಚಾದರೂ ಬಾಯಲ್ಲಿ ಕಹಿ ಉಳಿಯುತ್ತದೆ, ಉಂಡೆ ಹಿಡಿಯಲು ಅದರಿಂದ ಏನೂ ಸಹಾಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ, ತೂಕ ಇಳಿಸಲೆಂದು ಇಂಥ ಸಿಹಿಕಾರಕಗಳನ್ನು ನೆಚ್ಚಬೇಡಿ ಎಂದು ಸಲಹೆ ನೀಡಿತು. ಆ ಸಲಹೆ ಈಗಾಗಲೇ ಮಧುಮೇಹ ಇರುವವರಿಗೆ ಅನ್ವಯಿಸುವುದಿಲ್ಲ. ಹುಡುಗಿ ಚಹಾಕ್ಕೆ ಬೇಕಾದರೆ ಚಿಕ್ಕಪ್ಪ ಬಳಸಲಿ ಎಂದಳು. ಉಂಡೆಗೆ ಬೇಡವೆಂದು ಇಬ್ಬರೂ ಒಪ್ಪಿದರು.

ಇನ್ನೊಂದು ತಿನಿಸು ಒಲೆಯನ್ನೂ ಕೇಳುವುದಿಲ್ಲ. ಒಣಕೊಬ್ಬರಿ ತುರಿಯನ್ನು ಎಣ್ಣೆ ಬಿಡುವವರೆಗೆ ಮಿಕ್ಸಿಯಲ್ಲಿ ತಿರುಗಿಸಿ, ತುಪ್ಪ, ಏಲಕ್ಕಿ, ಒಡೆದ ಬಾದಾಮಿ ಒಂದಿಷ್ಟು ಸೇರಿಸಿ ತಟ್ಟೆಗೆ ಒತ್ತಿ ತಂಪಿನಲ್ಲಿಟ್ಟರೆ ಬರ್ಫಿಯಂತೆ ಕತ್ತರಿಸಬಹುದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಕರಗುತ್ತದೆ. ಅಂದರೆ ಡಿಸೆಂಬರಿನ ಬೆಳಗಿನಲ್ಲಿ ಹೊರಗೇ ಗಟ್ಟಿ, ಜಗಳೂರಿನ ಏಪ್ರಿಲ್ಲಿನಲ್ಲಿ ಫ್ರಿಜ್ಜಿನಿಂದ ತೆಗೆದ ಸ್ವಲ್ಪ ಹೊತ್ತಿಗೇ ಮೆತ್ತಗೆ. ಬೇಸಿಗೆಗೆ ಶೇಂಗಾ-ಎಳ್ಳು, ಚಳಿಗಾಲಕ್ಕೆ ಕೊಬ್ಬರಿ ಎಂದಿಟ್ಟುಕೊಂಡರೆ ಸುಲಭ.

“ಶೇಂಗಾ ಆರಿಸೋದರ ಬಗ್ಗೆ ಯಾರೂ ಹೇಳಲ್ಲ. ಅದನ್ನ ಬರಕೋ,” ಎಂದರು ಅತ್ತೆ.

ಬರೆದುಕೊಳ್ಳಬೇಕಾದ ಮಾತೇ. ಮುಂಗಾರಿನಲ್ಲಿ ಬಿತ್ತಿದ ಶೇಂಗಾ ಪಂಚಮಿ ಹೊತ್ತಿಗೆ ಇನ್ನೂ ಹೊಲದಲ್ಲಿರುತ್ತದೆ. ಹಾಗಾಗಿ ಪಂಚಮಿ ಉಂಡೆಗೆ ಬೀಳುವುದು ಹಿಂದಿನ ವರ್ಷದ ಕಾಳು, ಅದೂ ಮಳೆಗಾಲದ ತೇವದಲ್ಲಿ. ತೇವ ತಗುಲಿದ ಶೇಂಗಾದಲ್ಲಿ ಬೂಷ್ಟು ಬೆಳೆದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಯಕೃತ್ತಿಗೆ ಅಪಾಯ, ಕ್ಯಾನ್ಸರಿಗೂ ಕಾರಣ. ಈ ವಿಷ ಜಗತ್ತಿಗೆ ಗೊತ್ತಾದದ್ದೇ ಶೇಂಗಾ ಹಿಂಡಿಯಿಂದ: 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲಿನಿಂದ ಬಂದ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಹುರಿದರೆ ಈ ವಿಷ ಪೂರ್ತಿ ಹೋಗುವುದಿಲ್ಲ. ಸುಕ್ಕಿದ, ಬಣ್ಣಗೆಟ್ಟ, ಮೊಳಕೆ ಕಡೆ ಕಪ್ಪಾದ, ಬಾಯಿಗೆ ಕಹಿ ಎನ್ನಿಸಿದ ಕಾಳುಗಳನ್ನು ಎಸೆಯಬೇಕು. ಇಲ್ಲಿ ಜಿಪುಣತನ ಸಲ್ಲದು. ಅತ್ತೆಯ ಕಡೆಯವರು ಶೇಂಗಾವನ್ನು ಸಿಪ್ಪೆ ಸಮೇತ ಇಟ್ಟು ಬೇಕಾದಾಗ ಒಡೆಯುತ್ತಾರೆ. ಒಡೆದ ಕಾಳು ಕೊಂಡು ತಿಂಗಳುಗಟ್ಟಲೆ ಇಡುವುದಕ್ಕಿಂತ ಅದು ಎಷ್ಟೋ ಮೇಲು.

ಹಬ್ಬದ ಮಾತಿಗೆ ಬಂದಾಗ ಅತ್ತೆಗೆ ಒಂದು ಆತಂಕವಿತ್ತು. ದೇವರಿಗೂ ಬೆಲ್ಲ ಕಡಿಮೆ ಮಾಡಬೇಕೇ? ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧ; ಫೆಬ್ರವರಿಯ ಜಯಂತಿಗೆ ಲಂಬಾಣಿ ತಾಂಡಾಗಳಿಂದ ಮಾಲೆ ಧರಿಸಿದ ಭಕ್ತರು ತಂಡತಂಡವಾಗಿ ಬರುತ್ತಾರೆ, ಬೆಲ್ಲ-ತುಪ್ಪದ ಭೋಗ್ ಆಗುತ್ತದೆ. ಅದನ್ನು ಅಳೆಯಲು ಹೋಗುವುದು ತಪ್ಪು, ಬೇಕಾಗಿಯೂ ಇಲ್ಲ. ವರ್ಷಕ್ಕೆ ಒಮ್ಮೆ ಅಂಗೈಯಲ್ಲಿ ಬೀಳುವ ಪ್ರಸಾದ ಯಾರ ರಕ್ತವನ್ನೂ ಕೆಡಿಸಿಲ್ಲ. ಕೆಡಿಸುತ್ತಿರುವುದು ದಿನವೂ ನಾಲ್ಕು ಗಂಟೆಗೆ ಚಹಾದ ಜೊತೆ ಬರುವ ಬಿಸ್ಕತ್ತು.

“ಉಂಡೆ ಚಿಕ್ಕದೈತೆ ಅಂತ ಆರು ತಿಂದ್ರೆ?”

“ಒಂದಕ್ಕೆ ಸುಮಾರು 110 ಕ್ಯಾಲೊರಿ ಅತ್ತೆ. ಎಣ್ಣೆಕಾಳಿನ ಶಕ್ತಿ ಎಲ್ಲಿಗೂ ಹೋಗಲ್ಲ. ಆರು ತಿಂದರೆ ಒಂದು ಊಟ ಆಯ್ತು. ಎರಡು, ಅದೂ ಬಿಸ್ಕತ್ತಿನ ಬದಲಿಗೆ. ಬಿಸ್ಕತ್ತಿನ ಜೊತೆಗಲ್ಲ.”

ಕೊನೆಗೆ ಉಳಿದದ್ದು ಚಿಕ್ಕಪ್ಪನ ಮಾತ್ರೆಯ ವಿಚಾರ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ, ಸಿಹಿ ಎಲ್ಲವನ್ನೂ ಒಮ್ಮೆಲೇ ಕಡಿದು ಹಾಕಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಆಹಾರ ಬದಲಿಸುವ ಮೊದಲೇ ವೈದ್ಯರಿಗೆ ತಿಳಿಸಿದರೆ ಅವರು ಮಾತ್ರೆಯ ಪ್ರಮಾಣ ನೋಡುತ್ತಾರೆ. ಹಾಗೆ ಸಕ್ಕರೆ ಇಳಿದು ಬೆವರು, ನಡುಕ ಬಂದಾಗ ಈ ಉಂಡೆ ಕೊಡಬಾರದು. ಕೊಬ್ಬು ಹೆಚ್ಚಿರುವುದರಿಂದ ಇದು ತಡವಾಗಿ ಕರಗುತ್ತದೆ. ಆಗ ಬೇಕಾಗುವುದು 15 ಗ್ರಾಮಿನಷ್ಟು, ಅಂದರೆ ಮೂರು ಟೀ ಚಮಚ ಸಕ್ಕರೆ, ನೀರಿನಲ್ಲಿ ಕದಡಿ ಕೂಡಲೇ.

“ಹಂಗಾದ್ರೆ ನ್ಯಾಮತಿಗೆ ಎರಡು ಡಬ್ಬಿ ಕಳಿಸು. ಒಂದರಲ್ಲಿ ಉಂಡೆ, ಇನ್ನೊಂದು ಸಣ್ಣದರಲ್ಲಿ ಸಕ್ಕರೆ. ಯಾವುದು ಯಾವಾಗ ಅಂತ ಮೇಲೆ ಚೀಟಿ ಅಂಟಿಸು, ಅವನಿಗೆ ಹೇಳಿದ್ದು ನೆನಪಿರಲ್ಲ.”

“ತಾರೀಕೂ ಬರೀತೀನಿ. ಅಗಸೆ ಪುಡಿ ಮಾಡಿದ ಮೇಲೆ ಬೇಗ ಕಮಟು ಹಿಡಿಯುತ್ತೆ. ಹತ್ತು ದಿನದೊಳಗೆ ಖಾಲಿ ಮಾಡಲಿ, ಆಮೇಲೆ ಹೊಸದಾಗಿ ಕಟ್ಟಿ ಕಳಿಸ್ತೀನಿ.”

“ಅಷ್ಟರೊಳಗೆ ನಾನು ಊರಿಗೆ ಹೋಗಿ ಎರಡು ಸೇರು ಕಾಳು ಒಡೆದು ಬಸ್ಸಿಗೆ ಹಾಕಿಸ್ತೀನಿ,” ಎಂದು ಅತ್ತೆ ಹುರಿದ ಶೇಂಗಾದ ಮೊರವನ್ನು ತಮ್ಮ ಕಡೆ ಎಳೆದುಕೊಂಡರು.